ನಮೂನೆಗೆ ಹಿಡಿಸದ ಐದು ಪರಿಚಯಗಳು

ನಮ್ಮ ಹಾಸನದ ಮಕ್ಕಳ ವಾದ್ಯವೃಂದಕ್ಕೆ ಕಲಿಸುವ ಐವರು ಶಿಕ್ಷಕರ ಸಂಗೀತದ ಹಿನ್ನೆಲೆಯನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದು, ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆಂಬ ಒಂದೇ ಕಾರಣಕ್ಕೆ. ನನಗೆ ಸಂಗೀತ ಬಾರದು. ಏಳನೆಯ ತರಗತಿಯಲ್ಲಿರುವ ನನ್ನ ಮಗ ಅಲ್ಲಿ ಕೊಳಲು ನುಡಿಸುತ್ತಾನೆ. ಭಾನುವಾರ ಬೆಳಿಗ್ಗೆ ಅವನನ್ನು ಸಾಲಗಾಮೆ ರಸ್ತೆಯ ಶಾಲೆಯೊಂದರ ಪ್ರಾರ್ಥನಾ ಸಭಾಂಗಣಕ್ಕೆ ಕರೆದೊಯ್ದು, ಅಭ್ಯಾಸ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುವುದು ನನ್ನ ರೂಢಿ. ಮೊದಲ ಸಾರ್ವಜನಿಕ ಸಂಗೀತ ಕಛೇರಿಯನ್ನು ಹಾಸನಾಂಬ ಕಲಾಕ್ಷೇತ್ರದಲ್ಲಿ ನಡೆಸುವುದೆಂದು ತೀರ್ಮಾನವಾದಾಗ, ಪ್ರೇಕ್ಷಕರಿಗೆ ಹಂಚುವ ಪುಸ್ತಿಕೆಯಲ್ಲಿ ಶಿಕ್ಷಕರ ಪರಿಚಯ ಇರಲೇಬೇಕೆಂದು ಪೋಷಕರು ಪಟ್ಟು ಹಿಡಿದರು. ಅವರು ಕೇಳುತ್ತಿದ್ದದ್ದು ಒಂದೇ ಮಾತು: ಕಲಿಸುವವರು ಏನು ಓದಿಕೊಂಡಿದ್ದಾರೆ?

ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾನೊಂದು ನಮೂನೆ ಸಿದ್ಧಪಡಿಸಿದೆ. ಹೆಸರು, ಗುರುಗಳು, ತೇರ್ಗಡೆಯಾದ ಪರೀಕ್ಷೆ, ಆಕಾಶವಾಣಿ ಶ್ರೇಣಿ, ಪ್ರಶಸ್ತಿಗಳು, ಕಲಿಸಿದ ವರ್ಷಗಳು ಎಂದು ಆರು ಅಂಕಣಗಳು. ನಮ್ಮಲ್ಲಿ ಕರ್ನಾಟಕ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿವೆ. ಪಾಶ್ಚಾತ್ಯ ಸಂಗೀತ ಕಲಿಯುವವರು ಲಂಡನ್ನಿನ ಟ್ರಿನಿಟಿ ಕಾಲೇಜಿನಂಥ ಸಂಸ್ಥೆಗಳ ಒಂದರಿಂದ ಎಂಟರವರೆಗಿನ ಗ್ರೇಡುಗಳನ್ನು ದಾಟುತ್ತಾರೆ. ಆಕಾಶವಾಣಿಯು ಧ್ವನಿಪರೀಕ್ಷೆ ನಡೆಸಿ ಬಿ, ಬಿ-ಹೈ, ಎ, ಎ-ಟಾಪ್ ಎಂದು ಕಲಾವಿದರನ್ನು ವಿಂಗಡಿಸುತ್ತದೆ. ಸಂಗೀತ ಬಾರದ ನನ್ನಂಥವಳಿಗೆ ಇವೇ ಅಳತೆಗೋಲುಗಳಾಗಿದ್ದವು.

ನಮೂನೆಗಳು ಎರಡು ವಾರದಲ್ಲಿ ಹಿಂದಿರುಗಿದವು. ಕರ್ನಾಟಕ ಶೈಲಿಯ ಪಿಟೀಲು ಕಲಿಸುವ ವಿದ್ವಾಂಸರು ಆರೂ ಅಂಕಣಗಳನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದರು. ಪಾಶ್ಚಾತ್ಯ ಶೈಲಿಯ ವಯಲಿನ್ ಕಲಿಸುವ, ಮಕ್ಕಳೆಲ್ಲ ಮಿಸ್ ಎಂದು ಕರೆಯುವ ಶಿಕ್ಷಕಿ ಮೂರು ಪುಟದ ಬೆರಳಚ್ಚು ಪ್ರತಿಯನ್ನೇ ಲಗತ್ತಿಸಿದ್ದರು. ಮೃದಂಗದ ಯುವಕ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಸಾಲು ಕಳುಹಿಸಿದ. ಕ್ಲಾರಿಯೊನೆಟ್ ಕಲಿಸುವ ಬ್ಯಾಂಡ್ ಮೇಷ್ಟ್ರು ‘ಪೊಲೀಸ್ ಬ್ಯಾಂಡ್, ನಿವೃತ್ತ’ ಎಂದಷ್ಟೇ ಬರೆದಿದ್ದರು. ಹಾರ್ಮೋನಿಯಂ ಮೇಷ್ಟ್ರ ನಮೂನೆಯಲ್ಲಿ ಅವರ ಮೊಮ್ಮಗಳ ಕೈಬರಹದಲ್ಲಿ ಹೆಸರೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಇವನ್ನು ನಂಬಿ ನಾನು ಮೊದಲ ಕರಡು ತಯಾರಿಸಿದೆ. ಪಿಟೀಲು ವಿದ್ವಾಂಸರಿಗೂ ಮಿಸ್‌ಗೂ ಅರ್ಧರ್ಧ ಪುಟ ಕೊಟ್ಟು, ಹಾರ್ಮೋನಿಯಂ ಮೇಷ್ಟ್ರ ಹೆಸರನ್ನು ಕೊನೆಯಲ್ಲಿ ಸೇರಿಸಿ, ಮುಂದೆ ‘ಸಹಾಯಕರು’ ಎಂದು ಬರೆದಿದ್ದೆ. ಆ ಪದ ಅಚ್ಚಾಗಲಿಲ್ಲವೆಂಬುದೇ ಈಗ ನನಗಿರುವ ಸಮಾಧಾನ.

ಕರಡು ಬದಲಾದದ್ದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದರಿಂದ. ವಾದ್ಯವೃಂದದಲ್ಲಿ ಇಪ್ಪತ್ತಮೂರು ಮಕ್ಕಳಿದ್ದರು. ಒಂದೇ ಮಟ್ಟನ್ನು ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳಬೇಕಾದಾಗ, ವಿದ್ವಾಂಸರ ಬಳಿ ಕಲಿತ ಮಕ್ಕಳ ಪಿಟೀಲು ಪ್ರತಿ ಬಾರಿಯೂ ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಬ್ಯಾಂಡ್ ಮೇಷ್ಟ್ರ ಮಕ್ಕಳ ಕ್ಲಾರಿಯೊನೆಟ್ ಅಷ್ಟೇ ಮುಂಚಿತವಾಗಿ ನುಗ್ಗುತ್ತಿತ್ತು. ಮಿಸ್ ಕಲಿಸಿದ ನಾಲ್ಕು ಮಕ್ಕಳು ಮಾತ್ರ ಅವರ ಕೈಕೋಲು ಇಳಿದ ಗಳಿಗೆಗೆ ಸರಿಯಾಗಿ ಕಮಾನು ಎಳೆಯುತ್ತಿದ್ದರು, ಆದರೆ ಕೋಲು ಕಾಣದಿದ್ದರೆ ಅವರಿಗೆ ದಿಕ್ಕೇ ತೋಚುತ್ತಿರಲಿಲ್ಲ. ಮಕ್ಕಳಿಗೆ ಅಭ್ಯಾಸ ಸಾಲದು ಎಂದು ಪೋಷಕರು ಗೊಣಗುತ್ತಿದ್ದರು. ತಪ್ಪು ಪ್ರತಿ ವಾರವೂ ಅದೇ ಜಾಗದಲ್ಲಿ, ಅದೇ ಗುಂಪಿನಿಂದ, ಅದೇ ಪ್ರಮಾಣದಲ್ಲಿ ಆಗುತ್ತಿರುವುದನ್ನು ಕಂಡ ನನಗೆ ಉತ್ತರಪತ್ರಿಕೆಗಳ ನೆನಪಾಯಿತು. ಇಡೀ ತರಗತಿ ಒಂದೇ ತಪ್ಪು ಬರೆದರೆ ಅದು ಪಾಠ ಮಾಡಿದವರಿಂದ ಬಂದದ್ದೆಂದು ಯಾವ ಮೌಲ್ಯಮಾಪಕರಿಗೂ ಗೊತ್ತು. ನಮೂನೆಯನ್ನು ಪಕ್ಕಕ್ಕಿಟ್ಟು ಒಬ್ಬೊಬ್ಬರ ಮನೆಗೂ ಹೋಗಿ ಕೇಳುವುದೆಂದು ನಿರ್ಧರಿಸಿದೆ.

ವಿದ್ವಾಂಸರು ಅರಕಲಗೂಡು ತಾಲ್ಲೂಕಿನವರು. ಕಾವೇರಿ ದಂಡೆಯ ರುದ್ರಪಟ್ಟಣ ಅವರ ಹುಟ್ಟೂರಿಗೆ ಹತ್ತಿರ. ಆರ್. ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಮೊದಲಾದವರಿಂದ ಹೆಸರಾದ ಆ ಊರಿನಲ್ಲಿ ಆರ್. ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ನೋಡಲು ನಮ್ಮ ಮಕ್ಕಳನ್ನೂ ಒಮ್ಮೆ ಕರೆದೊಯ್ದಿದ್ದೆವು. ಅಂಥ ನೆರೆಯಲ್ಲಿ ಬೆಳೆದವರಿಗೆ ಸಂಗೀತವೆಂದರೆ ಗುರುವಿನ ಎದುರು ಚಾಪೆಯ ಮೇಲೆ ಕೂರುವುದು, ಗುರು ಹಾಡಿದ ಸಾಲನ್ನು ತಿರುಗಿ ನುಡಿಸುವುದು, ಬಾಯಿಪಾಠವಾಗುವವರೆಗೆ ಪುಸ್ತಕ ಮುಟ್ಟದಿರುವುದು. ಇಷ್ಟನ್ನು ಅವರ ವಿದ್ವತ್ ಪ್ರಮಾಣಪತ್ರದಿಂದಲೂ ಊಹಿಸಬಹುದಾಗಿತ್ತು. ಊಹಿಸಲಾಗದೆ ಇದ್ದದ್ದು ಬೇರೆ. ಕಾಫಿ ಮುಗಿಸಿ ಲೋಟ ಕೆಳಗಿಡುತ್ತಾ ಅವರು, ‘ನೋಡಿಮ್ಮಾ, ನಲವತ್ತು ವರ್ಷ ಪಕ್ಕವಾದ್ಯ ನುಡಿಸಿದವನು ನಾನು. ಹಾಡುವವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಅವರ ನೆರಳಿನ ಹಾಗೆ ಹೋಗಬೇಕು. ಮುಂದೆ ಹೋದರೆ ಅಪಚಾರ. ಇನ್ನೊಬ್ಬರ ಸನ್ನೆಗೆ ಸರಿಯಾಗಿ ಕಮಾನು ಎತ್ತಿದ್ದು ನನಗೆ ನೆನಪೇ ಇಲ್ಲ’ ಎಂದರು.

ಅಲ್ಲಿಗೆ ಆ ಕೂದಲೆಳೆಯ ತಡ ಎಲ್ಲಿಂದ ಬಂತೆಂದು ತಿಳಿಯಿತು. ಪಕ್ಕವಾದ್ಯದವರ ವಿನಯವನ್ನು ಮಕ್ಕಳು ಪಾಠದ ಜೊತೆಯಲ್ಲೇ ಕಲಿತುಬಿಟ್ಟಿದ್ದರು. ಒಬ್ಬ ಗಾಯಕಿಯ ಹಿಂದೆ ಕುಳಿತರೆ ಸೊಗಸಾಗುವ ಆ ಗುಣ, ಹನ್ನೊಂದು ಪಿಟೀಲುಗಳು ಸೇರಿದ ಕಡೆ ಮಸುಕಾಗಿ ಕೇಳಿಸುತ್ತಿತ್ತು.

ಮಿಸ್ ಬೆಳೆದದ್ದು ಸಕಲೇಶಪುರದ ಆಚೆಯ ಕಾಫಿ ತೋಟದಲ್ಲಿ. ತಂದೆ ಅಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಅವರು ಕೊಟ್ಟ ಮೂರು ಪುಟಗಳಲ್ಲಿ ಬೆಂಗಳೂರಿನ ಪಾಠಗಳು, ಎಂಟನೆಯ ಗ್ರೇಡಿನ ಅಂಕಗಳು, ಪಾಲ್ಗೊಂಡ ಕಾರ್ಯಾಗಾರಗಳು ಎಲ್ಲವೂ ಇದ್ದವು, ಆದರೆ ಊರಿನ ಚರ್ಚಿನ ಗಾಯನವೃಂದದ ಸುದ್ದಿಯೇ ಇರಲಿಲ್ಲ. ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಅವರೇ ನನ್ನನ್ನು ಕೇಳಿದರು. ಒಂಬತ್ತನೆಯ ವಯಸ್ಸಿನಿಂದ ಹತ್ತು ವರ್ಷ ಅವರು ಅಲ್ಲಿ ಆಲ್ಟೊ ಸಾಲನ್ನು ಹಾಡಿದವರು. ನಾಲ್ಕು ಸಾಲುಗಳು ಒಟ್ಟಿಗೆ ನಡೆಯುವ ಆ ಹಾಡುಗಳಲ್ಲಿ ಜನರ ಕಿವಿಗೆ ಬೀಳುವ ಮಟ್ಟು ಮೇಲಿನ ಸಾಲಿನದು. ಆಲ್ಟೊದವರು ಅದರ ಕೆಳಗೆ, ಮಟ್ಟಿನ ಸುಖವಿಲ್ಲದ ಸ್ವರಗಳನ್ನು ಹಿಡಿದುಕೊಂಡು, ಎಷ್ಟೋ ಕಡೆ ಬರಿದೇ ಮಾತ್ರೆಗಳನ್ನು ಎಣಿಸುತ್ತಾ ನಿಂತಿರಬೇಕು. ಸುಮ್ಮನಿರುವುದನ್ನು ಮಕ್ಕಳಿಗೆ ಅವರಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಕಂಡಿಲ್ಲ. ನಮ್ಮ ಮನೆಪಾಠದ ಮಕ್ಕಳಿಗೆ ಸುಮ್ಮನಿರುವುದೇ ಕಷ್ಟ. ಎಂಟು ಮಾತ್ರೆ ಬಿಡುವು ಎಂದರೆ ನನ್ನ ಮಗನೂ ಸೇರಿದಂತೆ ಎಲ್ಲರೂ ನಾಲ್ಕಕ್ಕೇ ಊದಿಬಿಡುತ್ತಿದ್ದರು. ಹಾಡಿನ ನಡುವೆ ಬೆರಳು ಮಡಿಚಿ ಎಣಿಸುವುದನ್ನು ಮಿಸ್ ಎರಡು ತಿಂಗಳು ಹಟ ಹಿಡಿದು ರೂಢಿ ಮಾಡಿಸಿದರು. ಅವರ ಪರಿಚಯದಲ್ಲಿ ಚರ್ಚಿನ ಹತ್ತು ವರ್ಷಗಳನ್ನು ಮೊದಲ ವಾಕ್ಯದಲ್ಲೇ ಬರೆದೆ, ಗ್ರೇಡು ಎರಡನೆಯ ವಾಕ್ಯಕ್ಕೆ ಹೋಯಿತು.

ಮೃದಂಗದ ಯುವಕನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವನ ನಾಲ್ಕು ಸಾಲುಗಳು ಸರಿಯಾಗಿಯೇ ಇದ್ದವು. ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ. ಹಾಸನದಲ್ಲೂ ಬೆಂಗಳೂರಿನಲ್ಲೂ ಕಲಿತವನು. ಆದರೆ ಶಿಕ್ಷಕರ ಒಂದು ಸಭೆಯಲ್ಲಿ ವಿದ್ವಾಂಸರು ‘ನಮ್ಮದು ಗುಂಪಾಗಿ ನುಡಿಸುವ ಸಂಗೀತವೇ ಅಲ್ಲ’ ಎಂದು ಬೇಸರಪಟ್ಟಾಗ ಅವನು ಕೊಟ್ಟ ಉತ್ತರ ನನಗೆ ಹಿಡಿಸಿತು. ಮೈಸೂರು ಅರಮನೆಯಲ್ಲಿ ನಾಲ್ವಡಿಯವರ ಕಾಲಕ್ಕೇ ಕರ್ನಾಟಕ ವಾದ್ಯವೃಂದವೂ ಜರ್ಮನಿಯ ಓಟ್ಟೊ ಶ್ಮಿಟ್ ನಡೆಸುತ್ತಿದ್ದ ಪಾಶ್ಚಾತ್ಯ ಬ್ಯಾಂಡೂ ಒಂದೇ ಸೂರಿನಡಿ ಇದ್ದವೆಂದೂ, ಪಿಯಾನೊ ಕಲಿತ ಜಯಚಾಮರಾಜ ಒಡೆಯರೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರೆಂದೂ, 1952ರಲ್ಲಿ ದೆಹಲಿ ಆಕಾಶವಾಣಿಯು ರವಿಶಂಕರ್ ಅವರ ಕೈಯಲ್ಲಿ ವಾದ್ಯವೃಂದವನ್ನೇ ಕಟ್ಟಿಸಿತೆಂದೂ ಅವನು ಮೆಲ್ಲಗೆ, ಹಿರಿಯರ ಮುಖಕ್ಕೆ ಹೊಡೆಯದಂತೆ ಹೇಳಿದ. ವಿದ್ವಾಂಸರು ನಕ್ಕು, ‘ಅವರಿಗೆ ಅರಮನೆ ಇತ್ತಪ್ಪಾ, ನಮಗೆ ಪ್ರಾರ್ಥನಾ ಸಭಾಂಗಣ’ ಎಂದರು.

ಬ್ಯಾಂಡ್ ಮೇಷ್ಟ್ರ ಸಂಗತಿ ನನಗೆ ಗೊತ್ತಾದದ್ದೂ ವಿದ್ವಾಂಸರಿಂದಲೇ. ಅವರದು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಬ್ಯಾಂಡ್. ರಾಜ್ಯೋತ್ಸವ, ಗಣರಾಜ್ಯೋತ್ಸವಗಳಂದು ಜಿಲ್ಲಾ ಕ್ರೀಡಾಂಗಣದಲ್ಲಿ ನಾವೆಲ್ಲ ಕೇಳಿರುವಂಥದ್ದು. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಅವರು ಓದಲು ಕಲಿತದ್ದು ಅಲ್ಲಿ, ಪರೇಡಿನ ಹೆಜ್ಜೆಗೆ ಸರಿಯಾಗಿ. ನಡೆಯುವವರ ಕಾಲು ನೆಲ ಮುಟ್ಟುವ ಮುನ್ನವೇ ವಾದ್ಯ ನುಡಿಯಬೇಕು ಎನ್ನುವುದು ಅವರ ಪಾಠ. ಅವರ ಮಕ್ಕಳು ಮುಂಚಿತವಾಗಿ ನುಗ್ಗುತ್ತಿದ್ದದ್ದು ಇದರಿಂದ. ಆದರೆ ಒಂದು ಭಾನುವಾರ ಮಕ್ಕಳು ತಿಂಡಿಗೆ ಹೋಗಿದ್ದಾಗ ಅವರೊಬ್ಬರೇ ಮೂಲೆಯಲ್ಲಿ ನುಡಿಸುತ್ತಿದ್ದದ್ದನ್ನು ಕೇಳಿ ವಿದ್ವಾಂಸರು ನನ್ನ ಬಳಿ ಬಂದು, ‘ಆ ಜಾರು ಪೊಲೀಸ್ ಬ್ಯಾಂಡಿನಲ್ಲಿ ಬರುವುದಲ್ಲ. ಅವರ ಮನೆಯಲ್ಲಿ ನಾಗಸ್ವರ ಇರಬೇಕು, ಕೇಳಿ ನೋಡಿ’ ಎಂದರು.

ಕೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ವಾದ್ಯದ ರೀಡನ್ನು ಬಿಚ್ಚಿ ಒರೆಸುತ್ತಾ ಕುಳಿತಿದ್ದು, ‘ನಮ್ಮಪ್ಪ, ತಾತ ಎಲ್ಲ ಓಲಗದವರೇ ಮೇಡಂ. ಅದನ್ನು ಪುಸ್ತಕಕ್ಕೆ ಹಾಕಬೇಡಿ’ ಎಂದರು. ಕಾರಣವನ್ನು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಸಭೆಗಳಲ್ಲಿ ನಾಗಸ್ವರ ವಿದ್ವಾಂಸರಿಗೆ ಶಾಲು ಹೊದಿಸುವ ನಾವೇ, ಮದುವೆ ಮನೆಯಲ್ಲಿ ಬೆಳಗಿನ ಜಾವದಿಂದ ಓಲಗ ಊದಿದವರನ್ನು ಕೊನೆಯ ಪಂಕ್ತಿಗೆ ಕಾಯಿಸುತ್ತೇವೆ. ಏಳನೆಯ ವಯಸ್ಸಿನಲ್ಲಿ ಅಪ್ಪನ ಪಕ್ಕದಲ್ಲಿ ಶ್ರುತಿ ಹಿಡಿದು ನಿಂತ ಹುಡುಗನಿಗೆ ಉಸಿರು ಹಿಡಿಯುವುದನ್ನು ಯಾವ ಬ್ಯಾಂಡೂ ಕಲಿಸಬೇಕಾಗಿರಲಿಲ್ಲ. ಪುಸ್ತಿಕೆಯಲ್ಲಿ ಆ ಸಾಲನ್ನು ಬಿಟ್ಟೆ. ಈ ಬರಹದಲ್ಲಿ ಬರೆಯಬಹುದೇ ಎಂದು ಈಚೆಗೆ ಮತ್ತೆ ವಿಚಾರಿಸಿದಾಗ, ಹೆಸರು ಹಾಕದಿದ್ದರೆ ಬರೆಯಿರಿ ಎಂದರು. ಇಲ್ಲಿ ಐವರಲ್ಲಿ ಯಾರ ಹೆಸರೂ ಇಲ್ಲದಿರುವುದು ಅದಕ್ಕಾಗಿ.

ಇನ್ನು ಹಾರ್ಮೋನಿಯಂ ಮೇಷ್ಟ್ರು. ಎಪ್ಪತ್ತು ದಾಟಿದವರು. ಹೊಳೆನರಸೀಪುರದ ಕಡೆಯ ಹಳ್ಳಿಯಿಂದ ಹನ್ನೊಂದನೆಯ ವಯಸ್ಸಿಗೆ ನಾಟಕ ಕಂಪನಿಯೊಂದನ್ನು ಸೇರಿ, ನೀರು ಹೊತ್ತು, ಪರದೆ ಎಳೆದು, ಆಮೇಲೆ ಕಾಲು ಹಾರ್ಮೋನಿಯಂ ಮುಂದೆ ಕುಳಿತವರು. ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಡ್ರಾಮಾ ಮೇಷ್ಟ್ರಾದರು. ನನ್ನ ನಮೂನೆಯ ಒಂದೊಂದು ಅಂಕಣವೂ ಅವರ ಪಾಲಿಗೆ ಮುಚ್ಚಿದ ಬಾಗಿಲೇ ಆಗಿತ್ತು. ಪರೀಕ್ಷೆಗೆ ಕೂರಲು ಅವರು ಒಂದು ಊರಿನಲ್ಲಿ ನಿಂತವರಲ್ಲ. ಆಕಾಶವಾಣಿಯ ಶ್ರೇಣಿ ಎಂದರೆ, 1940ರಲ್ಲಿ ಆಕಾಶವಾಣಿಯಿಂದ ಹೊರಗಾದ ಹಾರ್ಮೋನಿಯಂ ಮೇಲಿನ ನಿಷೇಧ ಸಡಿಲವಾಗತೊಡಗಿದ್ದೇ 1970ರ ದಶಕದ ಆರಂಭದಲ್ಲಿ. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟ ಕಾಲದಲ್ಲಿ ಆ ವಾದ್ಯಕ್ಕೆ ರೇಡಿಯೊದಲ್ಲಿ ಜಾಗವೇ ಇರಲಿಲ್ಲ. ಗುರುಗಳು ಯಾರು ಎಂದರೆ, ಯಾವ ಊರಿನಲ್ಲಿ ಯಾರು ಸಿಕ್ಕರೋ ಅವರು.

ಅವರ ಹಿನ್ನೆಲೆ ಏನೆಂಬುದು ನನಗೆ ಅರ್ಥವಾದದ್ದು ಅವರ ಮನೆಯಲ್ಲಲ್ಲ, ಅಭ್ಯಾಸದ ಹೊತ್ತಿನಲ್ಲಿ, ಶ್ರುತಿಯ ಜಗಳ ತಾರಕಕ್ಕೇರಿದ ದಿನ. ಕರ್ನಾಟಕ ಶೈಲಿಯ ಪಿಟೀಲಿನ ನಾಲ್ಕು ತಂತಿಗಳು ಸ-ಪ-ಸ-ಪ ಎಂದು ಹಾಡುವವರ ಶ್ರುತಿಗೆ ಕೂಡುತ್ತವೆ, ಅದು ಒಬ್ಬೊಬ್ಬರಿಗೆ ಒಂದೊಂದು. ಮಿಸ್ ಕಡೆಯ ವಯಲಿನ್‌ಗಳದು ಎಲ್ಲ ಕಾಲಕ್ಕೂ ಜಿ-ಡಿ-ಎ-ಇ. ಕ್ಲಾರಿಯೊನೆಟ್ಟಿನದು ಮತ್ತೊಂದು ಕಥೆ: ಅದರಲ್ಲಿ ಪುಸ್ತಕ ನೋಡಿ ‘ಸಿ’ ನುಡಿಸಿದರೆ ಹೊರಗೆ ಕೇಳಿಸುವುದು ಬಿ ಫ್ಲಾಟ್, ಅಂದರೆ ಒಂದು ಪೂರ್ತಿ ಸ್ವರ ಕೆಳಗೆ. ಮೂವರೂ ಕರಿಹಲಗೆಯ ಮೇಲೆ ಲೆಕ್ಕ ಹಾಕುತ್ತಿದ್ದರು, ಒಬ್ಬರಿಗೆ ಸುಲಭವಾದದ್ದು ಇನ್ನೊಬ್ಬರಿಗೆ ನಾಲ್ಕು ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿ ನುಡಿಸಬೇಕಾದ ನಾಲ್ಕು ಸ್ವರ, ಆಗುತ್ತಿತ್ತು. ಅರ್ಧ ಗಂಟೆ ನೋಡಿದ ಹಾರ್ಮೋನಿಯಂ ಮೇಷ್ಟ್ರು, ವಾದ್ಯಗಳನ್ನೆಲ್ಲ ಕೆಳಗಿಟ್ಟು ಹಾಡಿ ಎಂದು ಮಕ್ಕಳಿಗೆ ಹೇಳಿದರು. ಹಾರ್ಮೋನಿಯಂನ ಮೊದಲ ಬಿಳಿ ಮನೆಯಾದ ಬಿಳಿ ಒಂದರಿಂದ ಶುರುಮಾಡಿ ಮನೆಯಿಂದ ಮನೆಗೆ ಏರುತ್ತಾ, ಪ್ರತಿ ಸಲವೂ ಮೇಲಿನ ಷಡ್ಜದವರೆಗೆ ಹಾಡಿಸುತ್ತಾ ಹೋದರು. ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ. ಮಕ್ಕಳ ಕತ್ತಿನ ಮೇಲಿತ್ತು. ಯಾರ ನರ ಉಬ್ಬುತ್ತದೆ, ಯಾರು ಗಲ್ಲ ಎತ್ತುತ್ತಾರೆ ಎಂದು ನೋಡುತ್ತಾ ಬಿಳಿ ಐದಕ್ಕೆ ಬಂದು ನಿಲ್ಲಿಸಿದರು. ಧ್ವನಿ ಒಡೆದ ದೊಡ್ಡ ಹುಡುಗರಿಗೆ ಕೆಳಗಿನ ಸ್ಥಾಯಿಯಲ್ಲಿ ಹಾಡಲು ಹೇಳಿದರು.

ಬಿಳಿ ಐದು ಎಂದರೆ ಜಿ. ಮಿಸ್ ಬೆರಳಿನಲ್ಲಿ ಎಣಿಸಿ ತಲೆಯೆತ್ತಿದರು. ವಿದ್ವಾಂಸರ ಮಕ್ಕಳು ಆ ಶ್ರುತಿಗೆ ಕೂಡಿಸಿದರೆ ಅವರ ತಂತಿಗಳು ಜಿ-ಡಿ-ಜಿ-ಡಿ. ಕೆಳಗಿನ ಎರಡು ತಂತಿಗಳು ಎರಡೂ ಗುಂಪಿನಲ್ಲಿ ಒಂದೇ, ಮೇಲಿನ ಎರಡು ಮಾತ್ರ ಒಂದೊಂದು ಸ್ವರ ಇಳಿಯುತ್ತವೆ. ಮಿಸ್ ಕಡೆಯವರಿಗೆ ಒಂದೇ ಶಾರ್ಪ್. ಕ್ಲಾರಿಯೊನೆಟ್‌ನವರಿಗೆ ತೊಂದರೆ ಉಳಿಯಿತು, ಆದರೆ ಬ್ಯಾಂಡ್ ಮೇಷ್ಟ್ರು ‘ನಾನು ಒಂದು ಸ್ವರ ಏರಿಸಿ ಬರೆದುಕೊಡ್ತೀನಿ ಬಿಡಿ’ ಎಂದು ಒಪ್ಪಿಕೊಂಡರು.

ಇಷ್ಟು ಬೇಗ ಹೇಗೆ ತಿಳಿಯಿತೆಂದು ಆ ಸಂಜೆ ಕೇಳಿದ್ದಕ್ಕೆ ಹಾರ್ಮೋನಿಯಂ ಮೇಷ್ಟ್ರು ಹಳ್ಳಿಯ ನಾಟಕದ ವಿಷಯ ತೆಗೆದರು. ಸುಗ್ಗಿ ಮುಗಿದ ಮೇಲೆ ಊರಿನವರು ಕರೆಸುತ್ತಾರೆ. ಎರಡು ಮೂರು ತಿಂಗಳು ಅಲ್ಲೇ ಉಳಿದು ರಾತ್ರಿ ಹೊತ್ತು ಕಲಿಸಬೇಕು. ಪಾತ್ರ ಮಾಡುವವರು ತಾವೇ ಹಣ ಹಾಕುತ್ತಾರೆ, ಕೆಲವರಿಗೆ ಓದಲೂ ಬರುವುದಿಲ್ಲ. ‘ದುಡ್ಡು ಕೊಟ್ಟು ದುರ್ಯೋಧನನ ಪಾರ್ಟು ತಗೊಂಡಿರ್ತಾನೆ ತಾಯಿ. ನಿಂಗೆ ಶಾರೀರ ಇಲ್ಲ ಕಣಪ್ಪ ಅಂತ ಹೇಳಕ್ಕಾಯ್ತದಾ? ಅವನ ಶಾರೀರ ಎಲ್ಲೈತೋ ಅಲ್ಲಿಗೆ ನಾನೇ ಪೆಟ್ಟಿಗೆ ತಗೊಂಡೋಗ್ಬೇಕು.’ ಬಂದ ಯಾವ ಮಗುವನ್ನೂ ವಾಪಸು ಕಳುಹಿಸಬಾರದೆಂದು ನಮ್ಮ ವಾದ್ಯವೃಂದದ ನಿಯಮದಲ್ಲಿ ನಾವೇ ಬರೆದುಕೊಂಡಿದ್ದೆವು. ಅದಕ್ಕೆ ತಕ್ಕ ತರಬೇತಿ ಪಡೆದವರು ಐವರಲ್ಲಿ ಅವರೊಬ್ಬರೇ ಆಗಿದ್ದರು, ಅವರನ್ನೇ ನಾನು ಸಹಾಯಕರೆಂದು ಬರೆದಿದ್ದೆ.

ಕಛೇರಿಗೆ ಮೊದಲ ರಚನೆಯಾಗಿ ಯಾವುದನ್ನು ಇಡುವುದೆಂಬುದು ಕೂಡ ಹಿನ್ನೆಲೆಗಳ ಪ್ರಶ್ನೆಯೇ ಆಯಿತು. ವಿದ್ವಾಂಸರ ಮಕ್ಕಳು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ, ಅಂದರೆ ಆರಂಭದ ಸ್ವರಪಾಠದಿಂದ ಹೊರಟವರು, ಮಿಸ್ ಮಕ್ಕಳ ಬೆರಳಿಗೆ ಆ ಸ್ವರಗಳ ಅಂತರ ಕೂರುತ್ತಿರಲಿಲ್ಲ. ಕೊನೆಗೆ ವಿದ್ವಾಂಸರೇ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ಸೂಚಿಸಿದರು. ಯುರೋಪಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ಆ ಪುಟ್ಟ ರಚನೆಗಳು ಶಂಕರಾಭರಣ ರಾಗದಲ್ಲಿವೆ, ಸ್ವರವನ್ನು ಅಲುಗಿಸುವ ಗಮಕದ ಹೊರೆಯಿಲ್ಲ. ಅವರು ‘ಶ್ಯಾಮಲೇ ಮೀನಾಕ್ಷಿ’ಯನ್ನು ಎರಡು ಸಾಲು ನುಡಿಸುವಷ್ಟರಲ್ಲಿ ಮಿಸ್ ತಮ್ಮ ವಯಲಿನ್ ಎತ್ತಿಕೊಂಡು ಜೊತೆಗೂಡಿದರು. ಜಪಾನಿನ ಸುಜುಕಿ ಅವರ ಪಾಠಕ್ರಮದಲ್ಲಿ ಪುಟಾಣಿಗಳ ಮೊದಲ ಪಾಠವೇ ಆ ಮಟ್ಟು. ಇಂಗ್ಲಿಷ್ ಶಾಲೆಗಳಲ್ಲಿ ಅದು ಮಿನುಗುವ ನಕ್ಷತ್ರದ ಶಿಶುಗೀತೆ. ಆ ದಿನ ಮೊದಲ ಬಾರಿಗೆ ಪಿಟೀಲುಗಳು ತಡವಾಗಲಿಲ್ಲ. ಮುಂದಿನ ವಾರ ಮತ್ತೆ ತಡವಾದವು, ಅದು ಬೇರೆ ಮಾತು.

ಪರಿಚಯಗಳನ್ನು ಹೊಸದಾಗಿ ಬರೆಯಲು ಮೂರು ವಾರ ಹಿಡಿಯಿತು. ಐವರಿಗೂ ಒಂದೇ ಅಳತೆಯ ಜಾಗ ಕೊಟ್ಟೆ. ಪರೀಕ್ಷೆಗಳನ್ನು ತೆಗೆದುಹಾಕಲಿಲ್ಲ, ಕಷ್ಟಪಟ್ಟು ಗಳಿಸಿದ್ದನ್ನು ಅಡಗಿಸುವುದೂ ಸರಿಯಲ್ಲ. ಆದರೆ ಪ್ರತಿಯೊಬ್ಬರೂ ಮೊದಲು ಎಲ್ಲಿ ಕುಳಿತು, ಯಾರನ್ನು ನೋಡುತ್ತಾ ನುಡಿಸಲು ಕಲಿತರು ಎಂಬುದರಿಂದ ಶುರುಮಾಡಿದೆ. ಸಮಿತಿಯ ಒಬ್ಬರು, ಡ್ರಾಮಾ ಮೇಷ್ಟ್ರು ಎಂಬ ಮಾತು ಪುಸ್ತಿಕೆಯಲ್ಲಿ ಬೇಕೇ, ‘ರಂಗಸಂಗೀತ ತಜ್ಞರು’ ಎಂದರೆ ಗೌರವವಲ್ಲವೇ ಎಂದರು. ಮೇಷ್ಟ್ರನ್ನೇ ಕೇಳಿದೆ. ಅವರು ಮೊಮ್ಮಗಳಿಂದ ಇಡೀ ಪರಿಚಯವನ್ನು ಎರಡು ಸಲ ಓದಿಸಿಕೊಂಡು, ಆ ಮಾತನ್ನು ಹಾಗೆಯೇ ಉಳಿಸಿ, ಕಲಿಸಿದ ಹಳ್ಳಿಗಳ ಸಂಖ್ಯೆಯನ್ನು ಮಾತ್ರ ನಲವತ್ತರಿಂದ ನಲವತ್ತಮೂರಕ್ಕೆ ತಿದ್ದಿಸಿದರು. ಮೂರು ಊರುಗಳ ಹೆಸರನ್ನು ಬಾಯಲ್ಲಿ ಹೇಳಿ, ಅಲ್ಲಿನವರು ಇನ್ನೂ ಸಂಭಾವನೆಯ ಬಾಕಿ ಕೊಟ್ಟಿಲ್ಲ, ಆದರೂ ಲೆಕ್ಕಕ್ಕೆ ಸೇರಿಸಿ ಎಂದರು.

ಕೊಳಲಿನ ಮಕ್ಕಳಿಗೆ ಇಷ್ಟು ದಿನ ವಿದ್ವಾಂಸರೇ ಹೇಗೋ ಪಾಠ ನಿಭಾಯಿಸುತ್ತಿದ್ದರು. ಈ ವರ್ಷ ಬೇಲೂರಿನಿಂದ ಒಬ್ಬ ಶಿಕ್ಷಕಿ ಬರಲು ಒಪ್ಪಿದ್ದಾರೆ. ಅವರಿಗೆ ನಮೂನೆ ಕಳುಹಿಸಿಲ್ಲ. ಶನಿವಾರ ಕಾಲೇಜು ಮುಗಿದ ಮೇಲೆ ಬಸ್ಸು ಹತ್ತಿ ನಾನೇ ಬರುವುದಾಗಿ ಫೋನಿನಲ್ಲಿ ತಿಳಿಸಿದ್ದೇನೆ. ಮಗನೂ ಕೊಳಲು ಹಿಡಿದು ಜೊತೆಗೆ ಬರುತ್ತಾನಂತೆ.